ಕುಟುಂಬದವರು ಆನ್‌ಲೈನ್‌ನಲ್ಲಿ ಮನಶ್ಶಾಸ್ತ್ರಜ್ಞರ ನೆರವು ಪಡೆಯುವ ಬಗೆ

ಪಿಯುಸಿಗೆ ಸೇರಿದ ಮೇಲೆ ಮಗ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಊಟಕ್ಕೆ ಕರೆದರೂ ಓಗೊಡುವುದಿಲ್ಲ. ಇನ್ನೊಂದು ಮನೆಯಲ್ಲಿ ಏಳು ವರ್ಷದ ಮಗಳು ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವೆಂದು ಅಳುತ್ತಾಳೆ, ಆದರೆ ವೈದ್ಯರ ತಪಾಸಣೆಯಲ್ಲಿ ಏನೂ ಕಾಣಿಸುವುದಿಲ್ಲ. ಮಗುವಿಗೆ ಮೊಬೈಲ್ ಎಷ್ಟು ಹೊತ್ತು ಕೊಡಬೇಕೆಂಬ ಮಾತು ಗಂಡ ಹೆಂಡತಿಯ ಜಗಳವಾಗಿ ತಿರುಗಿ, ಅದಕ್ಕೆ ಅಜ್ಜಿಯೂ ಸೇರಿಕೊಂಡು, ಕೊನೆಗೆ ಮಗುವಿನ ಮಾತೇ ಬದಿಗೆ ಸರಿದ ಮನೆಗಳೂ ಉಂಟು. ಇಂತಹ ಹೊತ್ತಿನಲ್ಲಿ ನುರಿತವರ ನೆರವು ಬೇಕೆನಿಸಿದರೂ, ಕುಟುಂಬದೊಡನೆ ಕೆಲಸ ಮಾಡಬಲ್ಲ ಮನಶ್ಶಾಸ್ತ್ರಜ್ಞರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡದಂತಹ ಊರುಗಳಲ್ಲಿ ಸಿಗುತ್ತಾರೆಯೇ ಹೊರತು ತಾಲ್ಲೂಕು ಕೇಂದ್ರಗಳಲ್ಲಿ ಅಲ್ಲ. ಮೇಲಾಗಿ ತಂದೆ ಒಂದೂರಿನಲ್ಲಿ, ತಾಯಿ ಮಕ್ಕಳು ಇನ್ನೊಂದೂರಿನಲ್ಲಿ ಇರುವ ಮನೆಗಳಿಗೆ ಎಲ್ಲರೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂರುವುದೇ ಕಷ್ಟ. ವಿಡಿಯೋ ಕರೆಯ ಮೂಲಕ ನಡೆಯುವ ಚಿಕಿತ್ಸೆ ಇಂಥವರಿಗೆ ನಿಜವಾದ ಅನುಕೂಲ ಒದಗಿಸಿದೆ. ಆದರೆ ಲಿಂಕ್ ಒತ್ತುವ ಮೊದಲು ತೀರ್ಮಾನಿಸಬೇಕಾದ ಹಲವು ಸಂಗತಿಗಳಿವೆ, ಮತ್ತು ಚಿಕಿತ್ಸೆ ಫಲಿಸುವುದೂ ಫಲಿಸದಿರುವುದೂ ಬಹುಮಟ್ಟಿಗೆ ಆ ತೀರ್ಮಾನಗಳನ್ನು ಅವಲಂಬಿಸಿರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾರು ಹಾಜರಾಗಬೇಕು?

ಬಹುಪಾಲು ಪೋಷಕರು ಮೊದಲ ಕರೆಯಲ್ಲಿ ಹೇಳುವುದು ‘ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು. ಕೆಟ್ಟ ಮಿಕ್ಸಿಯನ್ನು ಅಂಗಡಿಗೆ ಕೊಟ್ಟು ಸಂಜೆ ಬಂದು ಒಯ್ಯುವಂತೆ ಮಗುವನ್ನು ಒಪ್ಪಿಸಿ ತಾವು ಹೊರಗುಳಿಯಬಹುದೆಂಬ ನಿರೀಕ್ಷೆ ಅದರ ಹಿಂದಿರುತ್ತದೆ. ಮಕ್ಕಳ ಹಟ, ಸಿಟ್ಟು, ಶಾಲೆಗೆ ಹೋಗಲು ನಿರಾಕರಣೆ, ಮಲಗುವ ಹೊತ್ತಿನ ರಂಪ ಮೊದಲಾದ ತೊಂದರೆಗಳಲ್ಲಿ ಮನಶ್ಶಾಸ್ತ್ರಜ್ಞರು ಹೆಚ್ಚಾಗಿ ಕೆಲಸ ಮಾಡುವುದು ಪೋಷಕರ ಜೊತೆಗೇ. ಮಗು ಚಿಕ್ಕದಾದಷ್ಟೂ ಈ ಮಾತು ನಿಜ. ಆರು ವರ್ಷದ ಮಗುವನ್ನು ಮುಕ್ಕಾಲು ಗಂಟೆ ಪರದೆಯ ಮುಂದೆ ಕೂರಿಸಿ ಮಾತನಾಡಿಸುವುದರಿಂದ ಆಗುವ ಪ್ರಯೋಜನ ಅಲ್ಪ. ಅದೇ ಸಮಯದಲ್ಲಿ ತಂದೆ ತಾಯಿಗೆ ಮಗುವಿನ ವರ್ತನೆಯನ್ನು ಗಮನಿಸುವ, ಮೆಚ್ಚುವ, ಮಿತಿ ಹಾಕುವ ಕ್ರಮಗಳನ್ನು ಕಲಿಸಿದರೆ ಅದು ವಾರದ ಏಳೂ ದಿನ ಮನೆಯಲ್ಲಿ ಬಳಕೆಗೆ ಬರುತ್ತದೆ.

ಕುಟುಂಬವನ್ನು ಚಿಕಿತ್ಸೆಯ ಒಳಗೆ ಕರೆತರುವುದು ಹೊರಗಿನಿಂದ ಬಂದ ಹೊಸ ಪದ್ಧತಿಯೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋವೈದ್ಯಕೀಯ ಕೇಂದ್ರ ದಶಕಗಳಿಂದ ನಡೆಯುತ್ತಿದೆ. ಆದ್ದರಿಂದ ಮನಶ್ಶಾಸ್ತ್ರಜ್ಞರು ‘ಮುಂದಿನ ಸಲ ತಂದೆಯವರೂ ಇರಲಿ’ ಎಂದರೆ ಅದನ್ನು ಆರೋಪವೆಂದು ಭಾವಿಸಬೇಕಾಗಿಲ್ಲ.

ಹದಿಹರೆಯದವರ ವಿಷಯದಲ್ಲಿ ವ್ಯವಸ್ಥೆ ಬೇರೆ. ಅವರಿಗೆ ಏಕಾಂತದ ಮಾತುಕತೆಗೆ ಸಮಯ ಬೇಕು, ಪೋಷಕರಿಗೆ ಪ್ರತ್ಯೇಕ ಸಮಯ ಬೇಕು, ಆಗಾಗ ಎಲ್ಲರೂ ಒಟ್ಟಿಗೆ ಕೂರುವ ಭೇಟಿಯೂ ಬೇಕು. ಕೆಲವು ಮನಶ್ಶಾಸ್ತ್ರಜ್ಞರು ಈ ಮೂರನ್ನೂ ತಾವೇ ನಡೆಸುತ್ತಾರೆ, ಇನ್ನು ಕೆಲವರು ಮಗನಿಗೆ ಒಬ್ಬರು, ಪೋಷಕರಿಗೆ ಇನ್ನೊಬ್ಬರು ಇರಲೆಂದು ಸೂಚಿಸುತ್ತಾರೆ. ಗಂಡ ಹೆಂಡತಿಯ ನಡುವಿನ ವಿರಸವೇ ಮುಖ್ಯ ಸಮಸ್ಯೆಯಾಗಿದ್ದರೆ ಮಕ್ಕಳನ್ನು ಆ ಭೇಟಿಗೆ ಸೇರಿಸಿಕೊಳ್ಳಬಾರದು, ಅವರ ಕಿವಿಗೆ ಬೀಳುವಂತೆಯೂ ನಡೆಸಬಾರದು.

ಆನ್‌ಲೈನ್ ಭೇಟಿ ಸಾಕಾಗದ ಸಂದರ್ಭಗಳು

ಮನೆಯವರೊಬ್ಬರು ಸಾಯುವ ಮಾತನಾಡುತ್ತಿದ್ದರೆ, ತಮಗೆ ತಾವೇ ಗಾಯ ಮಾಡಿಕೊಂಡಿದ್ದರೆ, ಇಲ್ಲದ ಧ್ವನಿಗಳು ಕೇಳಿಸುತ್ತಿವೆ ಎನ್ನುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿಯಾಗಿ ವರ್ತಿಸುತ್ತಿದ್ದರೆ ಅಥವಾ ಕುಡಿತ ನಿಲ್ಲಿಸಿದ ಕೂಡಲೇ ನಡುಕ, ಗೊಂದಲ ಕಾಣಿಸಿಕೊಂಡಿದ್ದರೆ, ಮುಂದಿನ ವಾರದ ವಿಡಿಯೋ ಭೇಟಿಗಾಗಿ ಕಾಯಬಾರದು. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು, ಇಲ್ಲವೇ 112ಕ್ಕೆ ಕರೆ ಮಾಡಬೇಕು. ಅಪಾಯದಲ್ಲಿರುವ ವ್ಯಕ್ತಿಯನ್ನು ಒಬ್ಬರನ್ನೇ ಬಿಡಬಾರದು. ಮಾತ್ರೆ, ಕೀಟನಾಶಕಗಳನ್ನು ಅವರ ಕೈಗೆ ಸಿಗದಂತೆ ತೆಗೆದಿಡಬೇಕು. ಏನು ಮಾಡಬೇಕೆಂದು ತೋಚದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮಾರ್ಗದರ್ಶಿ ಸಂಸ್ಥೆ, ಕನ್ನಡದಲ್ಲೇ ಮಾತನಾಡಬಹುದು. ಇದು ತಿಂಗಳುಗಟ್ಟಲೆ ಒಬ್ಬರೇ ನಡೆಸುವ ಚಿಕಿತ್ಸೆಗೆ ಬದಲಿಯಲ್ಲ. ಆದರೂ ಮೊದಲ ನೆರವಿಗೆ ಮತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಸದ್ಯಕ್ಕಿಲ್ಲ.

ಮನೆಯೊಳಗೆ ಹೊಡೆತ ಬಡಿತವಿದ್ದಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸುವ ಭೇಟಿ ಅಪಾಯಕಾರಿ. ಪರದೆಯ ಮುಂದೆ ಹೆಂಡತಿ ಆಡಿದ ನಿಜದ ಮಾತಿಗೆ ಕರೆ ಮುಗಿದ ಅರ್ಧಗಂಟೆಯಲ್ಲಿ ಅವಳೇ ಬೆಲೆ ತೆರಬೇಕಾಗಬಹುದು, ಮತ್ತು ಅದನ್ನು ತಡೆಯಲು ಮನಶ್ಶಾಸ್ತ್ರಜ್ಞರು ಆ ಮನೆಯಲ್ಲಿ ಇರುವುದಿಲ್ಲ. ಇಂತಹವರು ಮೊದಲು ಒಬ್ಬರೇ, ಮನೆಯ ಹೊರಗೆಲ್ಲಾದರೂ ಕುಳಿತು ಮಾತನಾಡುವುದು ಕ್ಷೇಮ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಮಾತುಕತೆಯಲ್ಲಿ ತಿಳಿದುಬಂದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮನಶ್ಶಾಸ್ತ್ರಜ್ಞರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ‘ಇದು ನಮ್ಮ ನಮ್ಮಲ್ಲೇ ಇರಲಿ’ ಎಂಬ ಕೋರಿಕೆಗೆ ಅಲ್ಲಿ ಅವಕಾಶವಿಲ್ಲ.

ಮಗುವಿನ ಕಲಿಕಾ ನ್ಯೂನತೆ, ಆಟಿಸಂ, ಬುದ್ಧಿಮಟ್ಟ ಇವುಗಳ ಪರೀಕ್ಷೆಗೂ ಪ್ರಮಾಣಪತ್ರಕ್ಕೂ ನೇರ ಭೇಟಿಯೇ ಬೇಕು. ಆನ್‌ಲೈನ್‌ನಲ್ಲೇ ಎಲ್ಲವನ್ನೂ ಮುಗಿಸಿ ವರದಿ ಕೊಡುತ್ತೇವೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಯೋಗ್ಯರನ್ನು ಗುರುತಿಸುವುದು

ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧ ಬರೆಯಬಲ್ಲವರು. ಮನಶ್ಶಾಸ್ತ್ರಜ್ಞರು ಔಷಧ ಕೊಡುವುದಿಲ್ಲ; ಮಾತುಕತೆ, ಪರೀಕ್ಷೆ, ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಇವರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ 1992ರ ಕಾಯ್ದೆಯಡಿ ಬಂದ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಅವರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸುವುದು ಐದು ನಿಮಿಷದ ಕೆಲಸ. ಸಂಖ್ಯೆ ಕೇಳಿದ್ದಕ್ಕೆ ಬೇಸರಿಸಿಕೊಳ್ಳುವವರ ಬಳಿ ಮನೆಯ ಗುಟ್ಟನ್ನು ಹೇಳಿಕೊಳ್ಳುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಆಪ್ತಸಮಾಲೋಚಕರು ಎಂಬ ಹೆಸರಿನಲ್ಲಿ ಕೆಲಸ ಮಾಡುವವರಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆದು ಹಿರಿಯರ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇದ್ದಾರೆ, ಕೆಲವೇ ವಾರಗಳ ಆನ್‌ಲೈನ್ ಕೋರ್ಸು ಮುಗಿಸಿ ಫಲಕ ಹಾಕಿಕೊಂಡವರೂ ಇದ್ದಾರೆ. ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ, ಈಗ ಯಾರ ಮೇಲ್ವಿಚಾರಣೆಯಲ್ಲಿದ್ದಾರೆ, ಕುಟುಂಬಗಳೊಡನೆ ಕೆಲಸ ಮಾಡಿದ ಅನುಭವ ಎಷ್ಟು ಎಂದು ನೇರವಾಗಿ ಕೇಳಬೇಕು. ಒಬ್ಬೊಬ್ಬರೊಡನೆ ಚೆನ್ನಾಗಿ ಮಾತನಾಡಬಲ್ಲವರೆಲ್ಲ ನಾಲ್ವರು ಒಟ್ಟಿಗೆ ಕೂತು ಏರುದನಿಯಲ್ಲಿ ಮಾತಾಡುವಾಗ ಅದನ್ನು ಹಿಡಿದು ನಡೆಸಬಲ್ಲರೆಂದು ಹೇಳಲಾಗದು. ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯೆಂದರೆ, ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್. ಮಾಡಿದವರು ಕುಟುಂಬ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದಿರುತ್ತಾರೆ. ಹೆಸರಿನ ಮುಂದೆ ಮನಶ್ಶಾಸ್ತ್ರಜ್ಞ ಎಂದಿಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ಬಿಟ್ಟುಬಿಡಬಾರದು.

ಭಾಷೆಯ ವಿಷಯದಲ್ಲಿ ರಾಜಿ ಬೇಡ. ಮಗಳು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುತ್ತಾಳೆ, ತಾಯಿಗೆ ಕನ್ನಡ ಮಾತ್ರ ಸಲೀಸು ಎಂದಾದರೆ, ಇಂಗ್ಲಿಷಿನಲ್ಲಿ ನಡೆಯುವ ಭೇಟಿಯಲ್ಲಿ ತಾಯಿ ತನ್ನ ಮನೆಯಲ್ಲೇ ಅತಿಥಿಯಾಗುತ್ತಾಳೆ, ಮಗಳು ದುಭಾಷಿಯಾಗುತ್ತಾಳೆ. ಯಾವ ಮಾತನ್ನು ಅನುವಾದಿಸಬೇಕು, ಯಾವುದನ್ನು ಬಿಡಬೇಕು ಎಂಬ ಅಧಿಕಾರ ಆಗ ಮಗಳ ಕೈಗೆ ಹೋಗುತ್ತದೆ. ಎರಡೂ ಭಾಷೆಯನ್ನು ಬಳಸಬಲ್ಲವರನ್ನೇ ಹುಡುಕಬೇಕು. ಕಲಬುರಗಿಯ ಅಥವಾ ಕುಂದಾಪುರದ ಅಜ್ಜಿ ಭೇಟಿಗೆ ಕೂರುವುದಿದ್ದರೆ, ಅವರ ಮಾತಿನ ಧಾಟಿ ಅರ್ಥವಾಗುತ್ತದೆಯೇ ಎಂಬುದನ್ನೂ ಮೊದಲ ಕರೆಯಲ್ಲೇ ವಿಚಾರಿಸಬಹುದು.

ಶುಲ್ಕವು ಖಾಸಗಿಯಾಗಿ ಒಂದು ಭೇಟಿಗೆ ಸಾವಿರ ರೂಪಾಯಿಯ ಆಸುಪಾಸಿನಿಂದ ಹಲವು ಸಾವಿರದವರೆಗೂ ಇರುತ್ತದೆ. ಕುಟುಂಬದ ಭೇಟಿ ಒಂದು ಗಂಟೆಯಿಂದ ಒಂದೂವರೆ ಗಂಟೆ ನಡೆಯುವುದರಿಂದ ಒಬ್ಬರ ಭೇಟಿಗಿಂತ ಹೆಚ್ಚಾಗಬಹುದು. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಹಣ ಹೋಗುತ್ತದೆಯೇ, ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಏನು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಹತ್ತು ಹನ್ನೆರಡು ಭೇಟಿಗಳ ಹಣವನ್ನು ಒಂದೇ ಸಲ ಮುಂಗಡ ಕಟ್ಟಿಸಿಕೊಳ್ಳುವ ಆ್ಯಪ್‌ಗಳಿವೆ. ಮೊದಲ ಎರಡು ಭೇಟಿ ಮುಗಿಯುವವರೆಗೆ ಅಂತಹ ಪ್ಯಾಕೇಜುಗಳಿಗೆ ಹಣ ಕಟ್ಟದಿರುವುದೇ ಲೇಸು. ಖರ್ಚು ಭರಿಸಲಾಗದವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ.

ಒಪ್ಪಿಗೆ ಮತ್ತು ಗುಟ್ಟು

ಕೋವಿಡ್ ಬಂದ 2020ರಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ಅದು ವೈದ್ಯರಿಗಾಗಿ ಬರೆದದ್ದಾದರೂ, ರೋಗಿಯ ಗುರುತು ಖಚಿತಪಡಿಸಿಕೊಳ್ಳುವುದು, ಒಪ್ಪಿಗೆ ಪಡೆಯುವುದು, ಅಪ್ರಾಪ್ತರಾದರೆ ಗುರುತು ತಿಳಿದ ವಯಸ್ಕರೊಬ್ಬರು ಜೊತೆಗಿರುವುದು ಎಂಬ ಅದರ ಕ್ರಮಗಳನ್ನು ಜವಾಬ್ದಾರಿಯುತ ಮನಶ್ಶಾಸ್ತ್ರಜ್ಞರೂ ಅನುಸರಿಸುತ್ತಾರೆ. ಹಾಗಾಗಿ ಮೊದಲ ಭೇಟಿಗೆ ಮುನ್ನ ಒಪ್ಪಿಗೆ ಪತ್ರ ಬರಬೇಕು. ಅದನ್ನು ಓದದೆ ಸಹಿ ಮಾಡಬಾರದು. ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದಲ್ಲಿ ವಿವರಿಸುವಂತೆ ಕೇಳಬೇಕು. ನೀವು ಕುಳಿತಿರುವ ಜಾಗದ ವಿಳಾಸವನ್ನೂ ತುರ್ತಿನಲ್ಲಿ ಕರೆಯಬಹುದಾದ ನೆಂಟರ ಅಥವಾ ನೆರೆಯವರ ಸಂಖ್ಯೆಯನ್ನೂ ಅವರು ಕೇಳುತ್ತಾರೆ. ಇದು ಅನಗತ್ಯ ಕುತೂಹಲವಲ್ಲ, ದೂರದಲ್ಲಿ ಕುಳಿತವರಿಗೆ ಸಹಾಯ ಕಳುಹಿಸಲು ಇರುವ ಏಕೈಕ ದಾರಿ.

ಮಾತುಕತೆಯನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳುವುದಿಲ್ಲವೆಂದು ಎರಡೂ ಕಡೆಯವರು ಒಪ್ಪಿಕೊಳ್ಳಬೇಕು. ‘ನೋಡಿ, ಹೇಗೆ ಮಾತಾಡ್ತಾನೆ’ ಎಂದು ತೋರಿಸಲು ಮಗನ ಕೂಗಾಟವನ್ನು ಗುಟ್ಟಾಗಿ ಚಿತ್ರೀಕರಿಸಿ ಮನಶ್ಶಾಸ್ತ್ರಜ್ಞರಿಗೆ ವಾಟ್ಸಾಪ್ ಮಾಡುವ ಪೋಷಕರಿದ್ದಾರೆ. ಅದು ಮಗನಿಗೆ ತಿಳಿದ ದಿನ ಚಿಕಿತ್ಸೆ ಅಲ್ಲಿಗೆ ಮುಗಿದಂತೆಯೇ ಸರಿ.

ಹದಿಹರೆಯದವರ ಗುಟ್ಟು ಅತ್ಯಂತ ಸೂಕ್ಷ್ಮವಾದ ವಿಷಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಸೆಕ್ಷನ್ ಮಾನಸಿಕ ಅಸ್ವಸ್ಥತೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ ಹದಿನೆಂಟಾಗದ ಮಕ್ಕಳ ಪರವಾಗಿ ಪೋಷಕರೇ ಕಾನೂನಿನ ದೃಷ್ಟಿಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು. ಹೀಗಿರುವಾಗ ಹುಡುಗನ ಮಾತು ಅವನ ಬಳಿಯೇ ಉಳಿಯಬೇಕಾದರೆ ಪೋಷಕರು ತಾವಾಗಿ ಒಪ್ಪಿ ದೂರ ನಿಲ್ಲಬೇಕಾಗುತ್ತದೆ. ಮೊದಲ ಭೇಟಿಯಲ್ಲೇ, ಅವನ ಎದುರಿಗೇ, ಯಾವುದನ್ನು ಪೋಷಕರಿಗೆ ತಿಳಿಸಲಾಗುತ್ತದೆ, ಯಾವುದನ್ನು ಇಲ್ಲ ಎಂಬ ಗೆರೆ ಎಳೆಯಬೇಕು. ಪ್ರಾಣಾಪಾಯ, ದೌರ್ಜನ್ಯ, ಇನ್ನೊಬ್ಬರಿಗೆ ಹಾನಿ ಮಾಡುವ ಉದ್ದೇಶ ಇವು ತಿಳಿಸಲೇಬೇಕಾದವು. ಯಾರನ್ನು ಇಷ್ಟಪಡುತ್ತಾನೆ, ಯಾವ ಸ್ನೇಹಿತನೊಡನೆ ಮುನಿಸು, ಅಪ್ಪನ ಮೇಲೆ ಎಷ್ಟು ಸಿಟ್ಟು ಎಂಬಂಥವು ಅವನಿಗೆ ಸೇರಿದವು. ಭೇಟಿ ಮುಗಿಸಿ ಹೊರಬಂದ ಮಗನನ್ನು ‘ಏನು ಕೇಳಿದರು? ನೀನು ಏನು ಹೇಳಿದೆ?’ ಎಂದು ವಿಚಾರಣೆ ಮಾಡದಿರುವುದು ಪೋಷಕರು ಪಾಲಿಸಬೇಕಾದ ನಿಯಮಗಳಲ್ಲೇ ಕಷ್ಟದ್ದು, ಮತ್ತು ಅಷ್ಟೇ ಅಗತ್ಯವಾದದ್ದು.

ಎಲ್ಲಿ ಕೂರುವುದು, ಹೇಗೆ ಕೂರುವುದು

ಎರಡು ಕೋಣೆಯ ಮನೆಯಲ್ಲಿ ಐವರಿದ್ದರೆ ಏಕಾಂತ ಎಲ್ಲಿಂದ ಬರಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಮೊದಲು ಹೊತ್ತನ್ನು ಆರಿಸಿಕೊಳ್ಳಬೇಕು: ತಮ್ಮ ಟ್ಯೂಷನ್ನಿಗೆ ಹೋಗಿರುವ, ಅಜ್ಜಿ ದೇವಸ್ಥಾನಕ್ಕೆ ಹೋಗಿರುವ, ಅಕ್ಕಪಕ್ಕದವರು ಬಂದು ಕೂರದ ಹೊತ್ತು. ಬಾಗಿಲ ಆಚೆ ರೇಡಿಯೋ ಅಥವಾ ಟಿ.ವಿ. ಹಚ್ಚಿಟ್ಟರೆ ಒಳಗಿನ ಮಾತು ಹೊರಗೆ ಕೇಳಿಸುವುದಿಲ್ಲ. ನಿಲ್ಲಿಸಿದ ಕಾರು, ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಪಕ್ಕ, ಸ್ನೇಹಿತೆಯ ಮನೆಯ ಖಾಲಿ ಕೋಣೆ ಇವೂ ಆಗಬಹುದು. ಚಲಿಸುವ ಬಸ್ಸು, ಆಫೀಸಿನ ಕ್ಯಾಂಟೀನು ಆಗದು. ಒಬ್ಬರೇ ಇರುವ ಭೇಟಿಗೆ ಇಯರ್‌ಫೋನ್ ಹಾಕಿಕೊಳ್ಳಬೇಕು, ಎಲ್ಲರೂ ಕೂರುವ ಭೇಟಿಗೆ ಸ್ಪೀಕರ್ ಇರಬೇಕು. ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಗಂಡ ಹೆಂಡತಿ ಹಂಚಿಕೊಂಡು ಕುಳಿತರೆ ಮಾತು ತುಂಡು ತುಂಡಾಗಿ ಕೇಳಿಸಿ ಇಬ್ಬರಿಗೂ ತಾಳ್ಮೆ ತಪ್ಪುತ್ತದೆ.

ಫೋನನ್ನು ಕೈಯಲ್ಲಿ ಹಿಡಿಯಬಾರದು. ಡಬ್ಬಿಗೋ ಪುಸ್ತಕಗಳಿಗೋ ಒರಗಿಸಿ ಕಣ್ಣಿನ ಮಟ್ಟಕ್ಕೆ ತಂದು, ಕೂತ ಎಲ್ಲರ ಮುಖವೂ ಕೈಯೂ ಕಾಣುವಷ್ಟು ದೂರದಲ್ಲಿಡಬೇಕು. ಮಾತು ಆಡುವವರ ಮುಖಕ್ಕಿಂತ ಕೇಳುವವರ ಮುಖದಲ್ಲಿ ಮನಶ್ಶಾಸ್ತ್ರಜ್ಞರಿಗೆ ಹೆಚ್ಚು ತಿಳಿಯುತ್ತದೆ: ತಂದೆ ಮಾತು ಆರಂಭಿಸಿದ ಕೂಡಲೇ ಮಗಳು ತಲೆ ತಗ್ಗಿಸುವುದು, ಅತ್ತೆಯ ಹೆಸರು ಬಂದೊಡನೆ ಸೊಸೆ ಗಂಡನತ್ತ ನೋಡುವುದು. ಚೌಕಟ್ಟಿನ ಹೊರಗೆ ಕೂತವರು ಇವೆಲ್ಲವುಗಳಿಂದ ತಪ್ಪಿಸಿಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು, ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಬಳಿ ನಿಂತು ಕೇಳುವುದು. ಕೋಣೆಯಲ್ಲಿ ಯಾರು ಯಾರಿದ್ದಾರೆಂದು ಆರಂಭದಲ್ಲೇ ಹೇಳಬೇಕು, ಯಾರಾದರೂ ಒಳಬಂದರೆ ಅದನ್ನೂ ಹೇಳಬೇಕು. ಅನಿರೀಕ್ಷಿತವಾಗಿ ಮಾತು ಬದಲಿಸಬೇಕಾದರೆ ಬಳಸಲು ಒಂದು ಸಂಕೇತವನ್ನು ಮನಶ್ಶಾಸ್ತ್ರಜ್ಞರೊಡನೆ ಮೊದಲೇ ಗೊತ್ತುಮಾಡಿಕೊಳ್ಳುವುದು ಜಾಣತನ. ‘ಹಾಲಿಟ್ಟು ಬಂದಿದ್ದೇನೆ’ ಎಂದರೆ ಸಾಕು, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ.

ಇನ್ನುಳಿದದ್ದು ಸಣ್ಣಪುಟ್ಟ ತಯಾರಿ. ಫೋನನ್ನು ಪೂರ್ತಿ ಚಾರ್ಜ್ ಮಾಡಿಡಬೇಕು, ಬೇರೆ ಕರೆಗಳು ನಡುವೆ ಬರದಂತೆ ತಡೆಯಬೇಕು, ವೈಫೈ ಕೈಕೊಟ್ಟರೆ ಮೊಬೈಲ್ ಡೇಟಾ ಇರಬೇಕು, ಎರಡೂ ಹೋದರೆ ಸಾಮಾನ್ಯ ಫೋನ್ ಕರೆಯಲ್ಲಿ ಮುಂದುವರಿಸುವ ಒಪ್ಪಂದವಿರಬೇಕು.

ಮನೆಯವರನ್ನು ಒಪ್ಪಿಸುವುದು

‘ನಮಗೇನು ಹುಚ್ಚು ಹಿಡಿದಿದೆಯೇ?’ ಎಂಬ ಪ್ರಶ್ನೆ ಹೆಚ್ಚಾಗಿ ತಂದೆಯರಿಂದ ಬರುತ್ತದೆ. ಇದಕ್ಕೆ ವಾದದಿಂದ ಉತ್ತರಿಸಿದರೆ ಮಾತು ಬೆಳೆಯುತ್ತದೆಯೇ ಹೊರತು ಕೆಲಸವಾಗುವುದಿಲ್ಲ. ‘ನನಗೊಬ್ಬಳಿಗೇ ದಾರಿ ಕಾಣುತ್ತಿಲ್ಲ, ನೀವು ಒಂದು ಸಲ ಇಪ್ಪತ್ತು ನಿಮಿಷ ಕೂತು ಅವರ ಮಾತು ಕೇಳಿ, ಆಮೇಲೆ ನಿಮ್ಮಿಷ್ಟ’ ಎಂದು ಹೇಳಿದರೆ ಒಪ್ಪುವ ಸಂಭವ ಹೆಚ್ಚು. ಸಂಜೆ ಕೆಲಸದಿಂದ ಬಂದ ಕೂಡಲೇ ಈ ಮಾತು ಎತ್ತಬಾರದು. ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಬೇಕಿಲ್ಲ. ಒಬ್ಬ ಪೋಷಕರ ನಡವಳಿಕೆ ಬದಲಾದಾಗಲೇ ಮನೆಯಲ್ಲಿ ಏನೋ ಬೇರೆಯಾಗಿದೆ ಎಂದು ಗಮನಿಸಿ, ಮೂರನೆಯ ನಾಲ್ಕನೆಯ ಭೇಟಿಗೆ ತಾವಾಗಿಯೇ ಬಂದು ಕೂರುವವರಿದ್ದಾರೆ.

ಅಜ್ಜ ಅಜ್ಜಿಯರನ್ನು ಕರೆಯುವಾಗ ಇನ್ನೂ ಎಚ್ಚರ ಬೇಕು. ತಾಯಿ ಟಿ.ವಿ. ಆರಿಸಿದರೆ ಅಜ್ಜಿ ಹಚ್ಚಿ ಕೊಡುತ್ತಾರೆ, ತಂದೆ ಗದರಿದರೆ ಅಜ್ಜ ಚಾಕೊಲೇಟ್ ತರುತ್ತಾರೆ ಎಂಬುದು ನಿಜವೇ ಆಗಿದ್ದರೂ, ಅದನ್ನು ದೂರಾಗಿ ಮಂಡಿಸಲು ಅವರನ್ನು ಪರದೆಯ ಮುಂದೆ ಕೂರಿಸಿದರೆ ಸೊಸೆಗೂ ಅತ್ತೆಗೂ ನಡುವೆ ಇರುವ ಅಂತರ ಇನ್ನಷ್ಟು ಹೆಚ್ಚುತ್ತದೆ. ‘ಅತ್ತೆ, ಪುಟ್ಟಿ ನಿಮ್ಮ ಮಾತನ್ನೇ ಹೆಚ್ಚು ಕೇಳುತ್ತಾಳೆ, ಅವಳ ಬಗ್ಗೆ ನಿಮಗೆ ಗೊತ್ತಿರುವುದನ್ನು ಡಾಕ್ಟರಿಗೆ ಹೇಳಬೇಕಂತೆ’ ಎಂದು ಗೌರವದಿಂದ ಕರೆದರೆ ಅವರು ಜೊತೆಗಾರರಾಗುತ್ತಾರೆ. ಮನಶ್ಶಾಸ್ತ್ರಜ್ಞರು ಡಾಕ್ಟರಲ್ಲ ಎಂಬ ತಿದ್ದುಪಡಿ ಆ ಕ್ಷಣಕ್ಕೆ ಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಸುಳ್ಳು ಹೇಳಿ ಕೂರಿಸಬಾರದು. ‘ಆಂಟಿಯೊಬ್ಬರು ಸುಮ್ಮನೆ ಮಾತಾಡಿಸುತ್ತಾರೆ’ ಎನ್ನುವುದಕ್ಕಿಂತ, ‘ನಾವೆಲ್ಲ ಈಚೆಗೆ ತುಂಬ ಜಗಳವಾಡುತ್ತಿದ್ದೇವೆ, ಅದನ್ನು ಕಡಿಮೆ ಮಾಡುವುದು ಹೇಗೆಂದು ಕೇಳೋಣ’ ಎನ್ನುವುದು ಸತ್ಯವೂ ಹೌದು, ಮಗುವಿನ ಮೇಲಿನ ಭಾರವನ್ನು ಇಳಿಸುವುದೂ ಹೌದು.

ಮೊದಲ ಭೇಟಿಗಳಲ್ಲಿ ನಡೆಯುವುದೇನು

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ದಾವಣಗೆರೆಯಲ್ಲಿ ತಾಯಿ, ಹದಿನಾರರ ಮಗ ಮತ್ತು ಅಜ್ಜಿ. ಪುಣೆಯಲ್ಲಿ ಕೆಲಸದಲ್ಲಿರುವ ತಂದೆ. ಮಗ ರಾತ್ರಿ ಎರಡರವರೆಗೆ ಫೋನಿನಲ್ಲಿ ಆಟವಾಡುತ್ತಾನೆ, ಕಾಲೇಜಿಗೆ ಹೋಗುವುದು ತಪ್ಪುತ್ತಿದೆ ಎಂಬುದು ದೂರು. ಮೊದಲ ಭೇಟಿಯಲ್ಲಿ ಮನಶ್ಶಾಸ್ತ್ರಜ್ಞರು ಪ್ರತಿಯೊಬ್ಬರಿಂದಲೂ ಅವರವರ ಮಾತಿನಲ್ಲೇ ಸಮಸ್ಯೆ ಏನೆಂದು ಕೇಳುತ್ತಾರೆ, ಮೂರು ತಲೆಮಾರಿನ ಕುಟುಂಬದ ನಕ್ಷೆ ಬರೆಯುತ್ತಾರೆ, ಯಾರು ಯಾರಿಗೆ ಹತ್ತಿರ, ಯಾರ ನಡುವೆ ಮಾತಿಲ್ಲ ಎಂಬುದನ್ನು ಗುರುತಿಸಿಕೊಳ್ಳುತ್ತಾರೆ. ‘ಅಮ್ಮ ಫೋನ್ ಕಿತ್ತುಕೊಂಡಾಗ ಅಪ್ಪ ಏನು ಮಾಡುತ್ತಾರೆ?’ ಎಂದು ಮಗನನ್ನು, ‘ಅವನು ಬಾಗಿಲು ಹಾಕಿಕೊಂಡಾಗ ಎಲ್ಲರಿಗಿಂತ ಹೆಚ್ಚು ಕಂಗಾಲಾಗುವವರು ಯಾರು?’ ಎಂದು ಅಜ್ಜಿಯನ್ನು ಕೇಳಬಹುದು. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವ ಈ ರೀತಿ ಮೊದಲಿಗೆ ವಿಚಿತ್ರವೆನಿಸುತ್ತದೆ. ಆದರೆ ತಂದೆ ಫೋನ್ ಮಾಡುವುದೇ ರಾತ್ರಿ ಹನ್ನೊಂದಕ್ಕೆ, ಆ ಕರೆ ದಿನವೂ ಅಂಕಗಳ ಮಾತಿನಲ್ಲಿ ಮುಗಿಯುತ್ತದೆ, ಆಟ ಶುರುವಾಗುವುದು ಅದರ ನಂತರ ಎಂಬ ಸಂಗತಿ ಹೊರಬರುವುದು ಇಂತಹ ಪ್ರಶ್ನೆಗಳಿಂದಲೇ.

ಗುರಿಯನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು. ‘ಅವನು ಜವಾಬ್ದಾರಿ ಕಲಿಯಬೇಕು’ ಎಂಬುದನ್ನು ಯಾರೂ ಅಳೆಯಲಾರರು. ‘ವಾರದಲ್ಲಿ ನಾಲ್ಕು ದಿನ ಕಾಲೇಜಿಗೆ ಹೋಗಬೇಕು, ಹನ್ನೆರಡರೊಳಗೆ ಫೋನ್ ಹಾಲ್‌ನಲ್ಲಿರಬೇಕು, ತಂದೆ ವಾರಕ್ಕೆರಡು ಸಲ ಓದಿನ ಮಾತಿಲ್ಲದೆ ಕರೆ ಮಾಡಬೇಕು’ ಎಂಬುದನ್ನು ಎಲ್ಲರೂ ನೋಡಬಲ್ಲರು. ಗಮನಿಸಿ, ಇದರಲ್ಲಿ ತಂದೆಗೂ ಒಂದು ಕೆಲಸವಿದೆ. ಮಗನಿಗೆ ಮಾತ್ರ ಕೆಲಸ ಹಚ್ಚುವ ಯೋಜನೆಗಳು ಎರಡನೆಯ ವಾರಕ್ಕೇ ಬಿದ್ದುಹೋಗುತ್ತವೆ.

ಚಿಕ್ಕ ಮಕ್ಕಳ ಪೋಷಕರಿಗೆ ಸಾಮಾನ್ಯವಾಗಿ ಕೊಡುವ ಮೊದಲ ಕೆಲಸ ಬಹಳ ಸರಳವಾಗಿ ಕಾಣುತ್ತದೆ: ದಿನಕ್ಕೆ ಹತ್ತು ಹದಿನೈದು ನಿಮಿಷ, ಫೋನನ್ನು ಬದಿಗಿಟ್ಟು, ಮಗು ಆರಿಸಿದ ಆಟವನ್ನು ಮಗು ಹೇಳಿದಂತೆ ಆಡುವುದು, ಆ ಹೊತ್ತಿನಲ್ಲಿ ಪ್ರಶ್ನೆ ಕೇಳದಿರುವುದು, ಪಾಠ ಹೇಳದಿರುವುದು, ಮಗು ಚೆನ್ನಾಗಿ ಮಾಡಿದ್ದನ್ನು ಅಲ್ಲಲ್ಲೇ ಹೆಸರಿಟ್ಟು ಮೆಚ್ಚುವುದು. ‘ಜಾಣೆ’ ಎನ್ನುವುದಕ್ಕಿಂತ ‘ತಮ್ಮನಿಗೆ ನೀನೇ ಬ್ಲಾಕು ಕೊಟ್ಟೆಯಲ್ಲ’ ಎನ್ನುವುದು ನಿಮಗೆ ಏನು ಇಷ್ಟವಾಯಿತೆಂದು ಮಗುವಿಗೆ ತಿಳಿಸುತ್ತದೆ. ಇದಾದ ಮೇಲೆ ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಹೇಳಿದ ಪರಿಣಾಮವನ್ನು ತಪ್ಪದೆ ಜಾರಿಗೆ ತರುವುದು, ಹೊಡೆಯದೆ ಮಿತಿ ಹಾಕುವುದು ಇವುಗಳನ್ನು ಕಲಿಸುತ್ತಾರೆ. ಕ್ರಮ ಆರಂಭಿಸಿದ ಕೆಲವು ದಿನ ಹಟ ಹೆಚ್ಚಾಗುವುದು ಸಹಜ. ಆಗಲೇ ಕೈಬಿಟ್ಟರೆ ಇನ್ನೂ ಜೋರಾಗಿ ಅತ್ತರೆ ಗೆಲ್ಲಬಹುದೆಂದು ಮಗು ಕಲಿತುಬಿಡುತ್ತದೆ.

ಇಂತಹ ಕಲಿಕೆಗೆ ಆನ್‌ಲೈನ್ ಭೇಟಿ ಕ್ಲಿನಿಕ್‌ಗಿಂತ ಮೇಲೆನ್ನಬಹುದು. ಹೋಂವರ್ಕಿನ ರಂಪ ನಡೆಯುವ ಮೇಜಿನ ಬಳಿಯೇ, ಅದೇ ಹೊತ್ತಿನಲ್ಲಿ ಫೋನ್ ಇಟ್ಟು ಮನಶ್ಶಾಸ್ತ್ರಜ್ಞರು ನೋಡುವಂತೆ ಮಾಡಬಹುದು. ತಾಯಿಯ ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ‘ಈಗ ಸುಮ್ಮನಿರಿ’, ‘ಈಗ ಮೆಚ್ಚಿ’ ಎಂದು ಅಲ್ಲೇ ಹೇಳಿಕೊಡಬಹುದು. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಬಹುಪಾಲು ಪೋಷಕರು ಕೇಳುವುದೇ ಇಲ್ಲ.

ಹೊರದೇಶದ ಕನ್ನಡಿಗರಿಗೆ

ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಕುಟುಂಬ ಬೆಂಗಳೂರಿನ ಕನ್ನಡದ ಮನಶ್ಶಾಸ್ತ್ರಜ್ಞರನ್ನು ಬಯಸುವುದು ಸಹಜ. ಆದರೆ ಅಮೆರಿಕದಲ್ಲಿ ಚಿಕಿತ್ಸೆ ಪಡೆಯುವವರು ಇರುವ ರಾಜ್ಯದ ಪರವಾನಗಿ ಚಿಕಿತ್ಸಕರಿಗೆ ಇರಬೇಕೆಂಬ ನಿಯಮವಿದೆ, ಭಾರತದ ನೋಂದಣಿ ಅದಕ್ಕೆ ಸಾಲದು. ಆದ್ದರಿಂದ ಅಲ್ಲಿನ ವಿಮೆಯಾಗಲಿ, ಶಾಲೆಗೆ ಕೊಡುವ ವರದಿಯಾಗಲಿ, ತುರ್ತು ನೆರವಾಗಲಿ ಬೇಕಾದಲ್ಲಿ ಅಲ್ಲಿನವರನ್ನೇ ಕಾಣಬೇಕು. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿಯನ್ನು ಎಚ್‌ಸಿಪಿಸಿ ಎಂಬ ಸಂಸ್ಥೆಯ ಪಟ್ಟಿಯಲ್ಲಿ ನೋಡಬಹುದು. ದುಬೈಯಲ್ಲಿರುವವರು ವಾಟ್ಸಾಪ್ ಕರೆಗೆ ಅಲ್ಲಿ ನಿರ್ಬಂಧವಿರುವುದರಿಂದ ಬೇರೆ ಯಾವ ಆ್ಯಪ್ ನಡೆಯುತ್ತದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಂದೆ ವಿದೇಶದಲ್ಲಿದ್ದು ಮಿಕ್ಕವರು ಕರ್ನಾಟಕದಲ್ಲಿರುವ ಕುಟುಂಬಗಳು, ಅಮೆರಿಕದ ಗಡಿಯಾರ ಮಾರ್ಚ್ ಮತ್ತು ನವೆಂಬರಿನಲ್ಲಿ ಬದಲಾಗುತ್ತದೆ, ಇಲ್ಲಿನದು ಬದಲಾಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಭೇಟಿ ತಪ್ಪುವುದಿಲ್ಲ.

ಮುಂದುವರಿಸುವುದು, ಬದಲಿಸುವುದು, ಮುಗಿಸುವುದು

ಐದಾರು ಭೇಟಿಗಳಾದ ಮೇಲೆ ‘ನಾವು ಹೊರಟಲ್ಲಿಂದ ಎಷ್ಟು ದೂರ ಬಂದಿದ್ದೇವೆ?’ ಎಂದು ಮನಶ್ಶಾಸ್ತ್ರಜ್ಞರನ್ನು ಕೇಳಬೇಕು. ಅವರು ಸದಾ ಒಬ್ಬರ ಪಕ್ಷವನ್ನೇ ವಹಿಸುತ್ತಿದ್ದಾರೆ ಎನಿಸಿದರೆ, ಜಾತಿ, ಧರ್ಮ ಅಥವಾ ಹೆಣ್ಣಿನ ಕರ್ತವ್ಯದ ಬಗ್ಗೆ ಉಪದೇಶ ಕೊಡುತ್ತಿದ್ದರೆ, ಮಗನ ಗುಟ್ಟನ್ನು ಸಲೀಸಾಗಿ ನಿಮಗೆ ಹೇಳಿಬಿಡುತ್ತಿದ್ದರೆ, ಬದಲಿಸುವುದಕ್ಕೆ ಹಿಂಜರಿಯಬಾರದು. ಆದರೆ ‘ಅವರು ನನ್ನದೂ ತಪ್ಪಿದೆ ಎಂದರು’ ಎಂಬುದೊಂದೇ ಕಾರಣವಾಗಿದ್ದರೆ ಇನ್ನೊಂದು ಭೇಟಿಗೆ ಹೋಗಿ, ಆ ಬೇಸರವನ್ನು ಅವರ ಮುಂದೆಯೇ ಹೇಳುವುದು ಉತ್ತಮ. ಮಗುವಿಗೆ ಔಷಧ ಬೇಕಾಗಬಹುದೆಂದು ಅವರು ಮನೋವೈದ್ಯರ ಬಳಿಗೆ ಕಳುಹಿಸಿದರೆ, ಇಬ್ಬರೂ ಪರಸ್ಪರ ಮಾತನಾಡಲು ಲಿಖಿತ ಅನುಮತಿ ಕೊಡಬೇಕು.

ರಸೀದಿಗಳನ್ನು ನೋಂದಣಿ ಸಂಖ್ಯೆಯೊಡನೆ ಪಡೆದಿಟ್ಟುಕೊಳ್ಳಬೇಕು. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಹಲವು ಪಾಲಿಸಿಗಳು ಆಸ್ಪತ್ರೆಗೆ ದಾಖಲಾಗದ ಚಿಕಿತ್ಸೆಗೆ ಯಾವ ಕಾಯಿಲೆಗೂ ಹಣ ಕೊಡುವುದಿಲ್ಲವಾದ್ದರಿಂದ, ಹೊರರೋಗಿ ವೆಚ್ಚ ಸೇರಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ಉದ್ಯೋಗದಾತ ಕಂಪನಿಗಳು ನೌಕರರ ಮನೆಯವರಿಗೂ ಕೆಲವು ಉಚಿತ ಭೇಟಿಗಳನ್ನು ಒದಗಿಸುವುದುಂಟು. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೇಳಿದರೆ ತಿಳಿಯುತ್ತದೆ.

ಪರಿಸ್ಥಿತಿ ತಿಳಿಯಾದ ಮೇಲೆ ವಾರದ ಭೇಟಿಯನ್ನು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಒಮ್ಮೆಯಂತೆ ದೂರ ಮಾಡುತ್ತಾ ಬರುವುದು ರೂಢಿ. ಕೊನೆಯ ಭೇಟಿಯಲ್ಲಿ ಒಂದು ಪುಟದ ಸಾರಾಂಶ ಪತ್ರ ಕೇಳಿ ಪಡೆಯಬೇಕು: ಏನು ತೊಂದರೆಯಿತ್ತು, ಯಾವ ಕ್ರಮ ಫಲಿಸಿತು, ಯಾವ ಲಕ್ಷಣ ಮತ್ತೆ ಕಂಡರೆ ಬರಬೇಕು ಎಂಬುದು ಅದರಲ್ಲಿರಲಿ. ಮಗ ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಡುವಾಗ ಆ ಪತ್ರದ ಒಂದು ಪ್ರತಿ ಅವನ ಬಳಿಯೇ ಇರಬೇಕು. ಹದಿನೆಂಟು ತುಂಬಿದ ಮೇಲೆ ಮುಂದಿನ ಚಿಕಿತ್ಸೆಗೆ ಬೇಕಾಗುವುದು ಅವನ ಒಪ್ಪಿಗೆ.